ನನ್ನ ಭಾರ ಕಳೆದು

ಉಮ್ ಅಲ್ ಕುವೈನ್, ಬೆಳಗಿನ ಐದೂಕಾಲು.
ರಾತ್ರಿ ಟ್ಯಾಂಕರಿನವನು ಟ್ರ್ಯಾಕಿಗೆ ನೀರು ಹೊಡೆದು ಹೋಗಿದ್ದಾನೆ,
ಮರಳು ಈಗ ಬೆಲ್ಲದ ಹಾಗೆ ಕಟ್ಟಿಕೊಂಡಿದೆ.
ಏಳು ದಾಟಿದರೆ ಮತ್ತೆ ಹಿಟ್ಟು.

ಪಿಕಪ್ಪಿನಿಂದ ಗುಲ್ಬಾಜ್ ಒಬ್ಬನೇ ಇಳಿಸಿದ.
ಹಿಂದಿನ ಚಕ್ರಕ್ಕೆ ನಾನು ಕೈ ಕೊಡುವಷ್ಟರಲ್ಲಿ
ಅದು ನೆಲದ ಮೇಲೆ ನಿಂತಿತ್ತು.
ನೂರಿಪ್ಪತ್ತೈದು ಸಿಸಿ, ಟೂ ಸ್ಟ್ರೋಕು,
ಪೆಟ್ರೋಲ್ ಬಿಟ್ಟು ಎಂಬತ್ತೆಂಟು ಕಿಲೋ.
ಸುಳ್ಳಲ್ಲ, ಮೀನು ಮಾರ್ಕೆಟ್ಟಿನ ತಕ್ಕಡಿಗೆ ಹಾಕಿ ನೋಡಿದ್ದೇವೆ.
ತೂಗಿದವನು ಆಮೇಲೆ ಎರಡೆರಡು ಸಲ ತಕ್ಕಡಿ ತೊಳೆದ,
ಶೇರಿ ಮೀನಿಗೆ ಎಂಜಿನಾಯಿಲಿನ ವಾಸನೆ ಹಿಡಿದೀತೆಂದು.

ಅರಬಾಬ್ ಹೇಳಿದ್ದು ಇಷ್ಟೇ:
ಓಡಿಸು. ಕೊಳ್ಳಬಹುದೋ ಬೇಡವೋ, ಒಂದು ಹಾಳೆಯಲ್ಲಿ ಬರಿ.
ಓಡಿಸುವವಳು ಮಹ್ರಾ, ಅವನ ನಡುವಿನ ಮಗಳು,
ಹದಿನಾಲ್ಕು ವರ್ಷ, ನಲವತ್ತಾರು ಕಿಲೋ.
ಬರೆಯುವವನು ನಾನು, ಎಂಬತ್ತೊಂದು.

ಕಿಕ್ಕಿಗೆ ಮೂರನೇ ಹೊಡೆತಕ್ಕೆ ಎದ್ದಿತು.
ಆ ನೀಲಿ ಹೊಗೆ! ನಲವತ್ತಕ್ಕೊಂದು ಎಣ್ಣೆ ಬೆರೆಸಿದ ಹೊಗೆ.
ಗಂಗೊಳ್ಳಿಯ ಅಳಿವೆ ಬಾಯಲ್ಲಿ
ದೋಣಿಯ ಔಟ್‌ಬೋರ್ಡ್ ಬಿಚ್ಚಿ ಬಿಚ್ಚಿ ಕಲಿತ ಮೂಗು ನನ್ನದು,
ಮಿಶ್ರಣ ಸರಿಯಿದೆಯೆಂದು ಮೂಗೇ ಮೊದಲು ಹೇಳಿತು.

ಕ್ಲಚ್ಚಿಗೆ ಎರಡು ಬೆರಳು ಸಾಕು.
ಕೆಳಗಿನ ಓಟದಲ್ಲಿ ಏನೂ ಇಲ್ಲ,
ಕೇಳಿದ್ದಕ್ಕೆಲ್ಲ ಹೂಂ ಹೂಂ ಅನ್ನುವ ನೆಂಟನ ಹಾಗೆ.
ಥ್ರಾಟಲ್ ಅರ್ಧ ದಾಟಿತೋ,
ಇಷ್ಟು ವರ್ಷ ನುಂಗಿದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಬಿಡುತ್ತದೆ.
ಮುಂದಿನ ಚಕ್ರ ಎದ್ದಿತು,
ನನ್ನ ಹೊಟ್ಟೆ ಎಲ್ಲೋ ಹಿಂದೆ, ಟಯರಿನ ಗೆರೆಯಲ್ಲಿ ಉಳಿಯಿತು.

ತಿರುವಿನಲ್ಲಿ ಮೊಣಕಾಲು ಚಾಚಿದೆ,
ನಾನು ಯೋಚಿಸುವ ಮೊದಲೇ ಅದು ತಿರುಗಿತ್ತು.
ಇಂಥದನ್ನು ಹಾಳೆಯಲ್ಲಿ ಹೇಗೆ ಬರೆಯುವುದು?
'ತಿರುವು: ಉತ್ತಮ' ಎಂದು ಬರೆದೆ.

ದೊಡ್ಡ ದಿಬ್ಬ. ಹಾರಿದೆ.
ಗಾಳಿಯಲ್ಲಿ ಒಂದು ಗಳಿಗೆ ಇಬ್ಬರಿಗೂ ತೂಕವಿಲ್ಲ.
ಇಳಿದಾಗ ಮಾತ್ರ
ಠಕ್.
ಇನ್ನೊಂದು ಸುತ್ತು. ಅದೇ ಜಾಗ, ಅದೇ ಠಕ್,
ಬಾಗಿಲಿಗೆ ಸಾಲಗಾರ ಬಂದ ಹಾಗೆ.

'ಹಿಂದಿನ ಸ್ಪ್ರಿಂಗು ತೀರ ಮೆತ್ತಗೆ' ಎಂದು ಬರೆದೆ.
ಹೆಲ್ಮೆಟ್ಟಿನೊಳಗಿನ ಬೆವರು ಅಕ್ಷರದ ಮೇಲೆ ತೊಟ್ಟಿಕ್ಕಿತು.
ಮತ್ತೆ ಓದಿದೆ. ಹೊಡೆದು ಹಾಕಿದೆ.
ತಪ್ಪು ಸ್ಪ್ರಿಂಗಿನದಲ್ಲ.
ಐವತ್ತರೊಳಗಿನ ಮೈಗೆ ಕಟ್ಟಿದ್ದರ ಮೇಲೆ
ಇಪ್ಪತ್ತು ವರ್ಷದ ಪರೋಟ, ಬೂಟು, ಬೆನ್ನಿನ ಬೆಲ್ಟು
ಎಲ್ಲ ಹೊತ್ತು ಕೂತವನು ನಾನು.

ಗುಲ್ಬಾಜ್, ಬಾ ಇಲ್ಲಿ, ಹತ್ತು.
ಸ್ವಾತ್ ಕಣಿವೆಯ ಹುಡುಗ, ಒದ್ದೆ ಬಟ್ಟೆಯಲ್ಲೂ ಐವತ್ತು ದಾಟದವನು.
ಅಲುಗಬೇಡ, ಉಸಿರು ಬಿಡು, ನೇರ ನೋಡು.
ಆಕ್ಸಲ್ಲಿನಿಂದ ಮಡ್‌ಗಾರ್ಡಿಗೆ ಟೇಪು ಹಿಡಿದೆ.
ನನಗೆ ನೂರ ಮೂವತ್ತು ಮಿಲಿಮೀಟರ್ ಕುಸಿದಿತ್ತು,
ಅವನಿಗೆ ತೊಂಬತ್ತೆಂಟು.
ಕಂಪನಿಯ ಪುಸ್ತಕ ಹೇಳುವುದು ನೂರು.

ಸರಿ, ಇಳಿ ಎಂದೆ.
ಇಳಿಯಲಿಲ್ಲ.
ಊರಲ್ಲಿ ಮಾವನ ಹಳೇ ಗಾಡಿ ಓಡಿಸಿದ್ದೆ ಉಸ್ತಾದ್,
ಅನ್ನುತ್ತ ಒಂದೇ ಕಿಕ್ಕಿಗೆ ಎಬ್ಬಿಸಿದ.
ಒಂದು ಸುತ್ತು ಮಟ್ಟಸ ನೆಲದಲ್ಲಿ, ಕೋಳಿಮರಿಯ ಹೆಜ್ಜೆ.
ಎರಡನೆಯದಕ್ಕೆ, ನಾನು ಕೈ ಬೀಸುತ್ತಿದ್ದಂತೆ,
ದಿಬ್ಬದ ಕಡೆ ತಿರುಗಿಸಿದ.

ಕೂಗಲಿಲ್ಲ ನಾನು. ಕಿವಿ ಕೊಟ್ಟು ನಿಂತೆ.
ಏರಿದ ಸದ್ದು, ಆಮೇಲೆ ಚಕ್ರ ಬರಿದೇ ತಿರುಗುವ ಸದ್ದು,
ಆಮೇಲೆ ಮರಳು.
ಮರಳು ಮಾತ್ರ.

ಹಾಳೆಯ ಕೊನೆಗೆ ಬರೆದೆ: ಕೊಳ್ಳಬಹುದು.
ಚೈನು ಸಡಿಲ, ಏರ್ ಫಿಲ್ಟರಿಗೆ ಎಣ್ಣೆ ಬೇಕು.
ದೀಪವಿಲ್ಲ, ಹಾರ್ನಿಲ್ಲ, ನಂಬರ್ ಪ್ಲೇಟಿಲ್ಲ,
ಈ ಬೇಲಿಯಾಚೆ ಯಾವ ರಸ್ತೆಗೂ ಇಳಿಯುವ ಹಾಗಿಲ್ಲ.
ಪರೀಕ್ಷಿಸಿದವರು: ಎಂದಿರುವಲ್ಲಿ ನನ್ನ ಹೆಸರು ಬರೆದು,
ಪೆನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದು,
ಪಕ್ಕದಲ್ಲಿ ಅವನದನ್ನೂ ಸೇರಿಸಿದೆ.

ಇಂಥ ಬೈಕಿಗೆ ಸ್ಟ್ಯಾಂಡ್ ಇರುವುದಿಲ್ಲ,
ಗೋಡೆಗೋ ಯಾರಿಗೋ ಒರಗಬೇಕು.
ಪಿಕಪ್ಪಿನಲ್ಲಿ ಕಬ್ಬಿಣದ ತ್ರಿಕೋನವಿದೆ, ತಾ ಎಂದೆ.
ಇರಲಿ ಉಸ್ತಾದ್, ಅಂದ, ಒಂದೇ ಕೈಯಲ್ಲಿ ಹಿಡಿದುಕೊಂಡು.
ಏಳಾಗಿತ್ತು. ಮರಳು ಹಾರತೊಡಗಿತ್ತು.