ತಿರುಗುವ ಮೊದಲು

ಇದರೊಳಗೆ ಸ್ಪೀಕರ್ ಇಲ್ಲ ಅಂದರೆ ಅಮ್ಮ ನಂಬಲಿಲ್ಲ.
ಬಿಚ್ಚಿ ತೋರಿಸು ಎಂದಳು.
ಬಿಚ್ಚಿದೆ.
ನಶ್ಯದ ಕುಪ್ಪಿಗಿಂತ ಚಿಕ್ಕ ಮೋಟಾರು,
ಒಳಗೆ ತಾಮ್ರ ಸುತ್ತಿದ ಹನ್ನೆರಡು ಹಲ್ಲು,
ಕವುಚಿದ ಬಟ್ಟಲಿನ ಒಳಗೋಡೆಗೆ
ಹದಿನಾಲ್ಕು ಅಯಸ್ಕಾಂತದ ಬಿಲ್ಲೆ.
ಆ ಬಟ್ಟಲಿಗೆ ನಮ್ಮ ಕಸುಬಿನವರು ಗಂಟೆ ಅನ್ನುತ್ತಾರೆ.
ನಾಲಿಗೆಯಿಲ್ಲದ ಗಂಟೆ.
ಹೊರಗೆ ಇಳಿಬಿದ್ದ ತಂತಿ ಮೂರೇ ಮೂರು.

‘ಮತ್ತೆ ಕೂಗಿದ್ದು ಯಾರು?’

ಉಗುರಗಲದ ಹಲಗೆ ಇದೆಯಲ್ಲಮ್ಮ, ಕಂಟ್ರೋಲರು,
ಅದು ಕರೆಂಟನ್ನು ಬಿಡುತ್ತದೆ, ಹಿಡಿಯುತ್ತದೆ, ಬಿಡುತ್ತದೆ,
ತಿರುಗಲು ಸಾಲದಷ್ಟು,
ಸುಮ್ಮನಿರಲು ಬಿಡದಷ್ಟು.
ಗಂಟೆ ತಿರುಗುವುದಿಲ್ಲ. ನಡುಗುತ್ತದೆ.
ಸೆಕೆಂಡಿಗೆ ಇಷ್ಟು ಸಲ ನಡುಗಿದರೆ ಒಂದು ಸ್ವರ,
ಇಮ್ಮಡಿ ನಡುಗಿದರೆ
ಅದೇ ಸ್ವರ, ಒಂದು ಮಾಳಿಗೆ ಮೇಲೆ.

‘ನಡುಗುವುದು ಚಳಿಗೋ, ಹೆದರಿಕೆಗೋ?’

ಅಮ್ಮನ ಹೆಸರು ಖೊರ್ಲೋ. ಚಕ್ರ ಅಂತ ಅರ್ಥ.
ಎಪ್ಪತ್ತು ವರ್ಷ ದುಂಡ್‌ಗೋವಿಯ ಬಯಲು ತಿರುಗಿದವಳು
ತಿರುಗದೆ ಹಾಡುವ ವಸ್ತುವನ್ನು
ಅಂಗೈಯಲ್ಲಿ ತೂಗಿ ನೋಡಿದಳು.
ಬ್ಯಾಟರಿ ಸಿಕ್ಕಿಸಿದೆ. ಏರುವ ಮೂರು ಸ್ವರ: ನಾನಿದ್ದೇನೆ.
ಒಂದು, ಎರಡು, ಮೂರು, ನಾಲ್ಕು: ಬ್ಯಾಟರಿಯ ಕೋಶ ಎಣಿಸಿದೆ.
ಕೊನೆಗೊಂದು ತಗ್ಗು, ಒಂದು ಏರು: ಇನ್ನು ಹೊರಡೋಣ.
ಅವಳಿಗೆ ಹಿಡಿಸಿದ್ದು ಎಣಿಸುವ ಭಾಗ.
ಸಂಜೆ ದೊಡ್ಡಿಯ ಬಾಗಿಲಲ್ಲಿ ಅವಳದೂ ಅದೇ ಕೆಲಸ.

ಆ ಮೂರು ಸ್ವರ ಅಳಿಸಿ ಬೇರೆ ಬರೆಯಬಹುದು.
ಮರಿಯನ್ನು ಒಲ್ಲದ ತಾಯಿಕುರಿಯ ಕಿವಿಗೆ
ಅಮ್ಮ ಗಂಟೆಗಟ್ಟಲೆ ಹೇಳುವ ತೊಯ್ಗ್, ತೊಯ್ಗ್,
ಫೋನಿನಲ್ಲಿ ಹಿಡಿದು, ಕೇಳಿ ಕೇಳಿ
ಒಂದೊಂದೇ ಸ್ವರ, ಒಂದೊಂದೇ ಅಳತೆ ಟೈಪ್ ಮಾಡಿದೆ.
ಮೆಟ್ಟಿಲು ಬಂತು. ನಡುವಿನ ಜಾರು ಬರಲಿಲ್ಲ.
‘ಮೂಗು ಕಟ್ಟಿದವಳ ಹಾಡು’ ಅಂದಳು.

ಏಪ್ರಿಲ್. ಧೂಳುಗಾಳಿ.
ಮೂವತ್ತೇಳು ಕುರಿ ಹುಡುಕಲು ಹೋದ ಡ್ರೋನು
ಎಲ್ಲೋ ದೆರ್ಸ್ ಹುಲ್ಲಿನಲ್ಲಿ ಬಿತ್ತು.
ಆಳೆತ್ತರದ ಹುಲ್ಲು, ಎಲ್ಲ ಪೊದೆಯೂ ಒಂದೇ ಪೊದೆ.
ರಿಮೋಟಿನ ಗುಂಡಿ ಒತ್ತಿದೆ: ಕೂಗು, ಎಲ್ಲಿದ್ದರೂ ಕೂಗು.

ಎಡೆಬಿಡದೆ ಕೂಗಲಾರದು ಅದು.
ತಿರುಗಿದರೆ ಗಾಳಿ, ಗಾಳಿಯಿದ್ದರೆ ತಂಪು.
ನಿಂತಲ್ಲೇ ಹಾಡುವುದಕ್ಕೆ
ಒಳಗಿನ ತಾಮ್ರ ಬೇಯಬೇಕು.
ಅದಕ್ಕೇ ಒಂದು ಸಾಲು, ಆಮೇಲೆ ಮೌನ,
ಮತ್ತೆ ಒಂದು ಸಾಲು.
ನಮಗೆ ಕೇಳಿದ್ದು ಬರೀ ಗಾಳಿ.

ಅಮ್ಮ ಬೈಕ್ ಆರಿಸು ಎಂದಳು.
ಆರಿಸಿದೆ. ಉಸಿರನ್ನೂ.
ಹುಲ್ಲಿನಾಚೆ ಒಂದು ಬೆನ್ನು: ಕರಿಗೆನ್ನೆಯದು,
ಹೋದ ವರ್ಷ ಮರಿಯನ್ನು ಒದ್ದು ಒದ್ದು
ಮೂರನೇ ರಾತ್ರಿಗೆ ಸೋತದ್ದು.
ಕಿವಿ ನಿಗುರಿಸಿ, ತಲೆ ತಗ್ಗಿಸಿ
ಏನನ್ನೋ ಮೂಸುತ್ತಿತ್ತು.
ನಾವು ಹತ್ತಿರ ಹೋಗುವಷ್ಟರಲ್ಲಿ
ಉಚ್ಚೆ ಹೊಯ್ದು ನಡೆದುಬಿಟ್ಟಿತು.
ಅದರ ಹಿಂದೆ ಮೂವತ್ತಾರು.

ಒಂದು ರೆಕ್ಕೆ ಮುರಿದಿತ್ತು, ಗಂಟೆಗಳ ತುಂಬ ಮರಳು.
ಮೂರು ಮೋಟಾರು ಇನ್ನೂ ಕರೆಯುತ್ತಿದ್ದವು.
ನಾಲ್ಕನೆಯದನ್ನು ಅಮ್ಮ ಕಿವಿಗೆ ಹಿಡಿದಳು.
ತಂತಿ ಕಿತ್ತಿದೆ, ಅದು ಹಾಡಲ್ಲ ಅಂದೆ.
ಡ್ರೋನನ್ನು ಮರಿಯ ಹಾಗೆ ನಿಲುವಂಗಿಯ ಎದೆಗೆ ತುರುಕಿಕೊಂಡು
ಬೈಕಿನ ಹಿಂದೆ ಕೂತಳು.

ದಾರಿಯುದ್ದಕ್ಕೂ ಎದುರುಗಾಳಿ,
ಮಾತು ಹುಟ್ಟಿದಲ್ಲೇ ಹಾರಿಹೋಗುತ್ತಿತ್ತು.
ನನ್ನ ಬೆನ್ನಿಗೆ ಒತ್ತಿದ ಅವಳ ಎದೆಯಿಂದ
ಒಂದು ನಡುಕ ಹೊರಟು
ನನ್ನ ಮೂಳೆಗಳಲ್ಲಿ ಇಳಿಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಇಳಿಯುತ್ತಿತ್ತು.
ಚಳಿಯದಲ್ಲ.
ನನ್ನ ಕಿವಿಗೆ ಏನೂ ಕೇಳಲಿಲ್ಲ.
ಆದರೆ ಅದರಲ್ಲಿ ಆ ಜಾರು ಇತ್ತು.