ನೆಲವೇ ಕೆಂಪು

ವಾಸ್ಕೋದ ನಾವಿಕರ ಕ್ಲಬ್ಬಿನಿಂದ ಕೈಗಾಡಿಯಲ್ಲಿ ಬಂತು,
ಜಪಾನಿನದು, ನೂರೇ ವೋಲ್ಟು ಜೀರ್ಣವಾಗುವ ಹೊಟ್ಟೆ.
ಹಿಂಬಾಗಿಲು ತೆಗೆದರೆ ಜಿರಲೆಮೊಟ್ಟೆ, ಗೆದ್ದಲ ಹುಡಿ,
ಎತ್ತಿದರೆ ನಡು ಹಿಡಿಯುವ ಟ್ರಾನ್ಸ್‌ಫಾರ್ಮರು.

ಕೆಂಪು ಅಂದರೆ ಐದು, ಕಪ್ಪು ಅಂದರೆ ನೆಲ,
ನಾನು ಕಲಿತದ್ದು ಹಾಗೆ.
ಇಲ್ಲಿ ನೆಲವೇ ಕೆಂಪು.
ಗೋವಾದಲ್ಲಿ ಅದೇನು ಹೊಸದಲ್ಲ, ಬಿಡಿ.
ಕಾಯ್ತಾನ ಅಂತ ಒಬ್ಬನಿದ್ದನಂತೆ, ಹಡಗಿನ ವೈರ್‌ಮನ್ನು;
ಆ ದಿನ ಚೀಲದಲ್ಲಿ ಉಳಿದದ್ದು ಕೆಂಪೊಂದೇ ಇರಬೇಕು.
ಸತ್ತವನ ಜೊತೆ ಎರಡು ದಿನ ವಾದ ಮಾಡಿದೆ.
ಸೊನ್ನೆ ತೋರಿಸುತ್ತ ಮೀಟರು ಅವನ ಪರ ನಿಂತಿತು.
ತಂತಿಗೆ ಚೀಟಿ ಕಟ್ಟಿದೆ:
‘ನೆಲ. ಕಾಯ್ತಾನನ ಮಾತು ಕೇಳಿ.’

ಹೊಸ ಸಪ್ಲೈ ಅಂಗೈಯಗಲ. ಮೊದಲು
ನಾಲ್ಕೂಮುಕ್ಕಾಲು ಕೊಟ್ಟಿತು;
ಆಟ ಶುರುವಾಗಿ, ಮತ್ತೆ ಶುರುವಾಗಿ, ಮತ್ತೆ ಶುರು,
ಚೋಕ್ ಎಳೆದರೂ ಹತ್ತದ ಸ್ಕೂಟರಿನ ಹಾಗೆ.
ಸ್ಕ್ರೂ ಕಾಲುಸುತ್ತು ತಿರುವಿದೆ.
ಐದು ಪಾಯಿಂಟ್ ಸೊನ್ನೆ ಐದು.
ಉಸಿರು ಬಿಟ್ಟೆ.

ಎಸ್ಪೆರಾನ್ಸಾ ಬಾಯಿ ಆಗಲೇ ನಾಣ್ಯ ಹಿಡಿದು ನಿಂತಿದ್ದಳು.
ಪರದೆ ಇನ್ನೂ ಕಾದಿರಲಿಲ್ಲ,
ಗಾಜಿನೊಳಗೆ ಸುಟ್ಟು ಕೂತ ಮೂರಕ್ಷರ
ಬೂದಿಬಣ್ಣದಲ್ಲಿ ಕಂಡವು.
ನಿಮ್ಮ ಯಜಮಾನರಾ? ಕೇಳಿದೆ.
‘ಅಲ್ಲಪ್ಪ, ಯಾವನೋ ಮನಿಲಾದ ಅಡುಗೆಯವನು,’ ಅಂದಳು,
ಬೆರಳಿಂದ ಗಾಜು ಒರೆಸುತ್ತ,
‘ಚೆನ್ನಾಗಿ ಆಡುತ್ತಿದ್ದ.’