ಸಾಕು

ಹೆಸರೇನು ಅಂದಳು ಡಾಕ್ಟರಮ್ಮ. ಮೇಸ್ತ್ರಿ ಅಂದೆ.
ನಿಮ್ಮ ಕೆಲಸ ಅಲ್ಲಮ್ಮ, ಬೆಕ್ಕಿನ ಹೆಸರು.
ಅದೇ ಹೇಳಿದ್ದು ನಾನು.

ಖಲಂದರ್ ಸಾಬರ ಶೆಡ್ಡಿನಲ್ಲಿ
ಹನ್ನೆರಡು ಬೇಸಿನ್ನು, ಹನ್ನೆರಡು ಹೆಂಗಸರು,
ಕುದಿಯುವ ನೀರಲ್ಲಿ ಗೂಡು ತಿರುವಿ ಎಳೆ ಹುಡುಕುವಾಗ
ಕಿಟಕಿ ಕಟ್ಟೆ ಮೇಲೆ ಕೂತು ನಮ್ಮ ಕೈ ಕಾಯುತ್ತಿದ್ದ ಇವನು.
ಯಾರದಾದರೂ ಕೈ ನಿಂತರೆ ಬಾಲ ಬಡಿಯುತ್ತಿದ್ದ.
ಅದಕ್ಕೇ ಮೇಸ್ತ್ರಿ.
ಕೂಲಿ, ದಿನಕ್ಕೊಂದು ಹಿಡಿ ಬೆಂದ ಹುಳ.
ಆ ನಾತಕ್ಕೆ ಶಿಡ್ಲಘಟ್ಟಕ್ಕೆ ಬಂದ ನೆಂಟರು ಮೂಗು ಮುಚ್ಚುತ್ತಾರೆ,
ನಮಗದು ಶನಿವಾರದ ಸಂಬಳದ ವಾಸನೆ.

ಶೆಡ್ಡಿಗೆ ಬೀಗ ಬಿದ್ದಾಗ ಬೇಸಿನ್ನು ಗುಜರಿಗೆ ಹೋದವು,
ಸಾಬರು ವಿಜಯಪುರಕ್ಕೆ, ಮಗಳ ಮನೆಗೆ.
ಹೆಂಗಸರು ಗಾರ್ಮೆಂಟ್ಸ್ ವ್ಯಾನು ಹತ್ತಿದರು.
ನಾನು ಮೊಳದ ಲೆಕ್ಕದಲ್ಲಿ ಹೂ ಕಟ್ಟೋಕೆ ಕೂತೆ.
ಮೇಸ್ತ್ರಿಗೆ ಯಾರೂ ಹೇಳಲಿಲ್ಲ.
ನಾನೂ ಹೇಳಲಿಲ್ಲ, ಅದನ್ನೂ ಬರೆದುಕೊಳ್ಳಲಿ.

ಎಂಟು ತಿಂಗಳಾದ ಮೇಲೆ ಕಂಡ,
ಗೂಡು ಮಾರುಕಟ್ಟೆ ಹಿಂದೆ, ಸೋರುವ ನಲ್ಲಿಯ ಕೆಳಗೆ,
ಕುಡಿಯುತ್ತಾ, ಕುಡಿಯುತ್ತಾ,
ಸಾವಿರದಿನ್ನೂರು ಅಡಿ ಕೊರೆದರೂ ಧೂಳೇಳುವ ಈ ಸೀಮೆಯಲ್ಲಿ
ಇದ್ದಬದ್ದ ನೀರೆಲ್ಲ ತನಗೇ ಬೇಕು ಅನ್ನೋ ಹಾಗೆ.
ಎಡಗಣ್ಣಿಗೆ ಪೊರೆ. ಬಾಯಲ್ಲಿ ಎರಡೇ ಹಲ್ಲು.
ಸೆರಗಲ್ಲಿ ಸುತ್ತಿ ಎತ್ತಿದರೆ ಭಾರವೇ ಇಲ್ಲ,
ಹುಳ ಹಾರಿಹೋದ ಗೂಡು.

ಡಾಕ್ಟರಮ್ಮ ಹಸು ಎಮ್ಮೆ ನೋಡೋಳು.
ಫೋನು ಹಚ್ಚಿ, ಜೊತೆಯಲ್ಲಿ ಓದಿದವಳನ್ನು ಕೇಳಿದಳು.
ರಕ್ತ ಬೆಂಗಳೂರಿಗೆ ಹೋಯಿತು, ಕೆಂಪು ಬಸ್ಸಿನಲ್ಲಿ,
ಐಸ್ ಡಬ್ಬದೊಳಗೆ, ಕಂಡಕ್ಟರನ ಕಾಲ ಬುಡದಲ್ಲಿ.
ಕಿಡ್ನಿ ಎರಡೂ ಸೋತಿವೆ. ವಾಸಿ ಅನ್ನೋದಿಲ್ಲ.
ದಿನ ಬಿಟ್ಟು ದಿನ ಚರ್ಮದಡಿಗೆ ಸಲೈನು, ನೂರು ಎಂಎಲ್.
ಫಾರಮ್ಮಿನಲ್ಲಿ ಮಾಲೀಕರು ಅನ್ನೋ ಕಡೆ ಪೆನ್ನು ನಿಂತಿತು.
ನಾನಲ್ಲ, ಅಂದೆ. ಯಾರಾದರೂ ಸಿಗೋವರೆಗೂ ಇಟ್ಟುಕೊಂಡಿರ್ತೀನಿ.
ತಾತ್ಕಾಲಿಕ, ಅಂತ ಬರೆದಳು.

ಕ್ಯಾಲೆಂಡರ್ ಇಳಿಸಿ ಆ ಮೊಳೆಗೆ ಬಾಟಲಿ ಹಾಕಿದೆ.
ಇಪ್ಪತ್ತಾರು ವರ್ಷ ಬಿಸಿನೀರಲ್ಲಿ ಅದ್ದಿದ ಬೆರಳು ನನ್ನದು,
ತುದಿಗೆ ಬಿಸಿಯೂ ತಿಳಿಯದು, ಸೂಜಿಯೂ ತಿಳಿಯದು.
ಹೆಗಲ ನಡುವಿನ ತೊಗಲು ಎತ್ತಿ ಚುಚ್ಚಿದರೆ
ಒಳಗೋ, ಆಚೆಗೋ?
ಮೊದಲ ದಿನ ನೀರೆಲ್ಲ ನನ್ನ ಸೀರೆಗೆ.
ಎರಡನೇ ಸಲ ಕಚ್ಚಿದ, ಆ ಎರಡೇ ಹಲ್ಲಲ್ಲಿ.
ಆಮೇಲೆ ಕಣ್ಣು ಮುಚ್ಚಿಕೊಂಡೆ.
ಎಳೆಯ ತುದಿ ಕಣ್ಣಿಗೆ ಸಿಗೋದಲ್ಲ,
ಕೈ ತಾನೇ ಹುಡುಕಿಕೊಳ್ಳುತ್ತೆ.
ಸಿಕ್ಕಿತು.
ಬೆನ್ನ ಮೇಲೆ ನೀರಿನ ಗಡ್ಡೆ ಎದ್ದು
ಸಣ್ಣ ಒಂಟೆಯ ಹಾಗೆ ಮನೆಯೆಲ್ಲ ತಿರುಗಿದ.

ಚಿಂತಾಮಣಿಯಿಂದ ಒಬ್ಬರು ಫೋನು ಮಾಡಿದರು, ಬೆಕ್ಕು ಕೊಡ್ತೀರಂತೆ.
ವಯಸ್ಸು ಹದಿನಾಲ್ಕು ಅಂದೆ.
ಮರಿ ಇದ್ದರೆ ಹೇಳಿ ಅಂದರು.

ಪಕ್ಕದ ಮನೆ ಆಂಜಿನಮ್ಮ ಹೊಸಲಲ್ಲಿ ನಿಂತು
ಎಂದುಕೇ ನೀಕು, ಸಾಕು ಬಿಡೇ, ಅಂತಾಳೆ.
ಕೈಬಿಡು ಅನ್ನೋಕೂ ಅದೇ ಮಾತು,
ಇಟ್ಟುಕೊಂಡು ಅನ್ನ ಹಾಕು ಅನ್ನೋಕೂ ಅದೇ.
ನನಗೆ ಒಂದು ಕಿವಿ ಮಂದ,
ಬೇಕಾದದ್ದೇ ಕೇಳಿಸುತ್ತೆ.

ಕಿಡ್ನಿಗೆ ಅಂತಲೇ ಮಾಡಿದ ಪ್ಯಾಕೆಟ್ ಊಟ,
ನನ್ನ ಮೂರು ದಿನದ ಹೂವಿನ ದುಡ್ಡು.
ಮೂಸಿ, ಹೇಲು ಮುಚ್ಚುವ ಹಾಗೆ
ಸುತ್ತಲ ನೆಲ ಕೆರೆದು ಹೋಗ್ತಾನೆ.
ಮಾಂಸ ಕೂಡದು, ಹುಳ ಅಂತೂ ಬೇಡವೇ ಬೇಡ, ಅಂದಿದ್ದಳು ಡಾಕ್ಟರಮ್ಮ.
ನಿನ್ನೆಗೆ ನಾಲ್ಕು ದಿನ, ಏನೂ ಮುಟ್ಟಿಲ್ಲ.

ಸಂಜೆ ಹೋಗಿ ಪ್ಯಾರಿಜಾನಳ ಶೆಡ್ಡಿನಿಂದ
ಒಂದು ಲೋಟ ತಂದೆ. ಮುಚ್ಚಳ ತೆಗೆಯೋ ಮುಂಚೆಯೇ
ಪೊರೆ ಬಂದ ಕಣ್ಣೂ ತೆರೆಯಿತು.
ಒಂದೊಂದಾಗಿ ನುರಿದು ಬೆರಳಲ್ಲೇ ಕೊಟ್ಟೆ.
ನೆಕ್ಕಿದ್ದು ಬೆರಳಿಗೆ ತಿಳಿಯಲಿಲ್ಲ, ನೋಡಿ ತಿಳಿದುಕೊಂಡೆ.
ಮೂರು ತಿಂದ. ನಾಲ್ಕು.
ಐದನೆಯದಕ್ಕೆ, ಸೋಮವಾರ ಬಯ್ತಾಳೇನೋ,
ಏನು ಸುಳ್ಳು ಹೇಳಲಿ ಅಂತ
ಕೈ ಒಂದು ಗಳಿಗೆ ನಿಂತಿತು.

ನೆಲಕ್ಕೆ ಬಾಲ ಬಡಿದ.